ಜನ ಬಂದೇ ಬಂದಿದ್ದರು, ಲೀಗ್ ಇರಲಿಲ್ಲ

2018ರ ಮೇ 4, ಶುಕ್ರವಾರ. ಮೆಕ್ಸಿಕೊ ದೇಶದ ಉತ್ತರಕ್ಕಿರುವ ಕೈಗಾರಿಕಾ ನಗರ ಮಾಂಟೆರ್ರೆ. ಅದರ ಮಗ್ಗುಲಲ್ಲಿರುವ ಬಿಬಿವಿಎ ಕ್ರೀಡಾಂಗಣದಲ್ಲಿ ಸುಮಾರು 53 ಸಾವಿರ ಸೀಟುಗಳಿವೆ. ಆವತ್ತು ಬಂದಿದ್ದವರು 51,211 ಜನ. ಆಡುತ್ತಿದ್ದದ್ದು ಹುಟ್ಟಿ ಇನ್ನೂ ವರ್ಷ ತುಂಬದ ಮಹಿಳಾ ಫುಟ್‌ಬಾಲ್ ಲೀಗ್‌ನ ಎರಡು ತಂಡಗಳು. ಎರಡೂ ಅದೇ ಊರಿನವು: ಟಿಗ್ರೆಸ್ ಮತ್ತು ರಯಾಡಾಸ್.

ಅಲ್ಲಿ ಫೈನಲ್ ಎರಡು ಪಂದ್ಯಗಳಲ್ಲಿ ಮುಗಿಯುತ್ತದೆ. ಒಂದು ಅವರ ಅಂಗಳದಲ್ಲಿ, ಇನ್ನೊಂದು ಇವರ ಅಂಗಳದಲ್ಲಿ. ಟಿಗ್ರೆಸ್ ಅಂಗಳದಲ್ಲಿ ನಡೆದ ಮೊದಲ ಪಂದ್ಯ 2-2. ಈ ಎರಡನೆಯದೂ 2-2. ಕೊನೆಗೆ ಪೆನಾಲ್ಟಿ. ಟಿಗ್ರೆಸ್ 4-2ರಿಂದ ಗೆದ್ದಿತು. ತವರಿನ ಅಭಿಮಾನಿಗಳು ತಮ್ಮದೇ ಮನೆಯಲ್ಲಿ ಪಕ್ಕದ ಮನೆಯವರು ಕಪ್ ಎತ್ತುವುದನ್ನು ನೋಡಬೇಕಾಯಿತು.

ಇದರ ಉರಿ ಎಷ್ಟು ಅನ್ನೋದು ಗೊತ್ತಾಗಬೇಕಾದರೆ ಐದು ತಿಂಗಳು ಹಿಂದೆ ಹೋಗಬೇಕು. 2017ರ ಡಿಸೆಂಬರ್‌ನಲ್ಲಿ ಇದೇ ಎರಡು ಕ್ಲಬ್‌ಗಳ ಪುರುಷರ ತಂಡಗಳು ಲೀಗ್ ಫೈನಲ್‌ನಲ್ಲಿ ಎದುರಾಗಿದ್ದವು. ಇದೇ ಬಿಬಿವಿಎಯಲ್ಲಿ ಟಿಗ್ರೆಸ್ 2-1ರಿಂದ ಗೆದ್ದು ಕಪ್ ಹೊತ್ತುಕೊಂಡು ಹೋಗಿತ್ತು. ಒಂದು ಕ್ಲಬ್‌ಗೆ ವಿಶ್ವವಿದ್ಯಾಲಯದ ಹೆಸರಿದೆ, ಇನ್ನೊಂದರ ಹಿಂದೆ ತಂಪು ಪಾನೀಯ ಮಾರುವ ದೊಡ್ಡ ಕಂಪನಿಯ ದುಡ್ಡಿದೆ. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ನಮ್ಮ ಕಡೆಯವರಿಗೆ ಹೇಳಬೇಕೆಂದರೆ ಕೋಲ್ಕತ್ತಾದ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್ ಇದ್ದ ಹಾಗೆ. ಹೀಗಾಗಿ ಮೇ 4ರಂದು ಬಂದವರಲ್ಲಿ ಬಹಳ ಜನ 'ಮಹಿಳಾ ಫುಟ್‌ಬಾಲ್ ಬೆಳೆಯಲಿ' ಅಂತ ಬಂದವರಲ್ಲ. ಹಳೇ ಬಾಕಿ ತೀರಿಸುವುದನ್ನು ನೋಡೋಕೆ ಬಂದವರು. ನನ್ನ ಪ್ರಕಾರ ಆ ಸಂಖ್ಯೆಗೆ ಬೆಲೆ ಬರುವುದೇ ಅದರಿಂದ. ಕನಿಕರದಿಂದ ಬಂದವರು ಒಂದು ಸಲ ಬಂದು ಹೋಗುತ್ತಾರೆ. ಹೊಟ್ಟೆ ಉರಿದು ಬಂದವರು ಮುಂದಿನ ಸಲವೂ ಬರುತ್ತಾರೆ.

ಮಹಿಳಾ ಲೀಗ್ ಪಂದ್ಯಕ್ಕೆ ಅಂದಿನ ಮಟ್ಟಿಗೆ ಅದು ವಿಶ್ವದಾಖಲೆ ಎಂದು ಸುದ್ದಿಯಾಯಿತು. ಮರುವರ್ಷ ಮಾರ್ಚ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಅಟ್ಲೆಟಿಕೊ ಮತ್ತು ಬಾರ್ಸಿಲೋನಾ ಪಂದ್ಯಕ್ಕೆ 60,739 ಜನ ಬಂದು ಅದನ್ನು ಮುರಿದರು. ದಾಖಲೆ ಇರಲಿ, ಬಿಡಿ. ಕೇಳಬೇಕಾದ್ದು ಬೇರೆ. ಮೆಕ್ಸಿಕೊದ ಫುಟ್‌ಬಾಲ್ ದೊಡ್ಡವರು ಹತ್ತಾರು ವರ್ಷ 'ಹೆಂಗಸರ ಆಟ ನೋಡೋಕೆ ಜನ ಬರಲ್ಲ' ಅಂತಲೇ ಹೇಳಿಕೊಂಡು ಬಂದಿದ್ದರು. ಹಾಗಾದರೆ ಈ 51 ಸಾವಿರ ಜನ ಎಲ್ಲಿಂದ ಬಂದರು? ಮೊದಲಿಂದಲೂ ಇದ್ದರು. ಬೇಕಿದ್ದರೆ 1971 ನೋಡಿ.

ಅದಕ್ಕೂ ಒಂದು ವರ್ಷ ಮೊದಲು, 1970ರಲ್ಲಿ, ಪೆಲೆ ಆಡಿ ಬ್ರೆಜಿಲ್ ಕಪ್ ಗೆದ್ದ ಪುರುಷರ ವಿಶ್ವಕಪ್ ಮೆಕ್ಸಿಕೊದಲ್ಲೇ ನಡೆದಿತ್ತು. ಜನರಿಗೆ ಫುಟ್‌ಬಾಲ್ ಗುಂಗು ಇನ್ನೂ ಇಳಿದಿರಲಿಲ್ಲ. ಅದೇ ವರ್ಷ ಇಟಲಿಯಲ್ಲಿ ಮದ್ಯದ ಕಂಪನಿಯೊಂದರ ದುಡ್ಡಲ್ಲಿ ಮಹಿಳೆಯರ ಒಂದು 'ವಿಶ್ವಕಪ್' ನಡೆದು, ಮೆಕ್ಸಿಕೊದ ಹುಡುಗಿಯರು ಮೂರನೇ ಸ್ಥಾನ ತಂದಿದ್ದರು. ಮುಂದಿನ ಟೂರ್ನಿ ನಾವೇ ಮಾಡೋಣ ಅಂತ ಮೆಕ್ಸಿಕೊದ ವ್ಯಾಪಾರಿಗಳು ಹೊರಟರು. ಫಿಫಾ ಇದಕ್ಕೆ ಮಾನ್ಯತೆ ಕೊಡಲಿಲ್ಲ. ಮೈದಾನ ಕೊಟ್ಟ ಕ್ಲಬ್‌ಗೆ ದಂಡ ಹಾಕುತ್ತೇವೆ ಅಂತ ಮೆಕ್ಸಿಕೊದ ಒಕ್ಕೂಟ ಹೆದರಿಸಿತು. ಆದರೆ ರಾಜಧಾನಿಯ ಅಜ್ಟೆಕಾ ಕ್ರೀಡಾಂಗಣ ಇದ್ದದ್ದು ಟಿವಿ ಕಂಪನಿಯ ಒಡೆಯರ ಕೈಯಲ್ಲಿ. ಅವರಿಗೆ ಒಕ್ಕೂಟದ ಹೆದರಿಕೆ ಏನು? ಗೇಟು ತೆರೆದರು.

ಆರು ತಂಡಗಳು ಬಂದವು: ಮೆಕ್ಸಿಕೊ, ಅರ್ಜೆಂಟೀನಾ, ಇಂಗ್ಲೆಂಡ್, ಡೆನ್ಮಾರ್ಕ್, ಫ್ರಾನ್ಸ್, ಇಟಲಿ. ಗೋಲ್ ಕಂಬಗಳಿಗೆ ಗುಲಾಬಿ ಬಣ್ಣ ಬಳಿದರು. ಎರಡು ಜಡೆ ಹಾಕಿದ 'ಸೋಚಿಟ್ಲ್' ಎಂಬ ಹುಡುಗಿ ಗೊಂಬೆ ಟೂರ್ನಿಯ ಗುರುತಾಯಿತು. ಇವತ್ತು ನೋಡಿದರೆ ನಗು ಬರುತ್ತದೆ. ಹೆಂಗಸರು ಆಡಿದರೆ ಕಂಬಕ್ಕೂ ಗುಲಾಬಿ ಬಣ್ಣವೇ ಬೇಕಾ? ಆದರೆ ಜನ ಕಂಬ ನೋಡೋಕೆ ಬರಲಿಲ್ಲ, ಆಟ ನೋಡೋಕೆ ಬಂದರು. ಸೆಮಿಫೈನಲ್‌ನಲ್ಲಿ ಮೆಕ್ಸಿಕೊ ಇಟಲಿಯನ್ನು 2-1ರಿಂದ ಸೋಲಿಸಿತು. ಸೆಪ್ಟೆಂಬರ್ 5ರ ಫೈನಲ್‌ಗೆ ಅಜ್ಟೆಕಾದಲ್ಲಿ ಸೇರಿದವರು ಸುಮಾರು 1 ಲಕ್ಷ 10 ಸಾವಿರ ಜನ.

ಫೈನಲ್‌ಗೆ ಮೊದಲು ಮೆಕ್ಸಿಕೊ ತಂಡದ ಹುಡುಗಿಯರು ಒಂದು ಮಾತು ಕೇಳಿದರು. ಟಿಕೆಟ್ ದುಡ್ಡು, ಟಿವಿ ದುಡ್ಡು, ಗೊಂಬೆ ಮಾರಿದ ದುಡ್ಡು, ಎಲ್ಲ ಯಾರದೋ ಜೇಬಿಗೆ ಹೋಗ್ತಿದೆಯಲ್ಲ, ನಮ್ಮ ಪಾಲು ಎಲ್ಲಿ? ತಂಡಕ್ಕೆ 20 ಲಕ್ಷ ಪೆಸೊ ಕೊಡದಿದ್ದರೆ ಆಡುವುದಿಲ್ಲ ಎಂದರು. ಅವರಿಗೆ ದುಡ್ಡಿನ ಆಸೆ ಅಂತ ಜನ ಬೈದರು. ಕೊನೆಗೆ ದುಡ್ಡಿಲ್ಲದೆಯೇ ಮೈದಾನಕ್ಕಿಳಿದು 0-3ರಿಂದ ಸೋತರು. ಡೆನ್ಮಾರ್ಕ್‌ನ ಮೂರೂ ಗೋಲು ಹೊಡೆದವಳು ಸುಸಾನ ಆಗಸ್ಟೆಸನ್, ವಯಸ್ಸು 15. ಆಕೆ ಮುಂದೆ ಇಟಲಿಗೆ ಹೋಗಿ ವರ್ಷಗಟ್ಟಲೆ ಲೀಗ್ ಆಡಿದಳು. ಮೆಕ್ಸಿಕೊದಲ್ಲಿ 'ಲಾ ಪೆಲೆ' ಅಂತ ಕರೆಸಿಕೊಂಡಿದ್ದ ಅಲಿಸಿಯಾ ವರ್ಗಾಸ್‌ಗೆ ಮತ್ತು ಅವಳ ಜೊತೆಗಾತಿಯರಿಗೆ ಊರಿಗೆ ಮರಳಿದ ಮೇಲೆ ಆಡಲು ಅಂಥದೊಂದು ಲೀಗ್ ಇರಲಿಲ್ಲ. ಇಂಗ್ಲೆಂಡ್ ತಂಡವನ್ನು ಕರೆದುಕೊಂಡು ಬಂದಿದ್ದ ಮ್ಯಾನೇಜರ್ ಹ್ಯಾರಿ ಬ್ಯಾಟ್ ಮೇಲೆ ಅವರ ದೇಶದಲ್ಲಿ ನಿಷೇಧ ಬಿತ್ತು.

ಇಂಗ್ಲೆಂಡ್‌ಗೆ ಇದೇನೂ ಹೊಸದಲ್ಲ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳ ಆಟ ನೋಡಲು 53 ಸಾವಿರ ಜನ ಬಂದಿದ್ದರು. ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್‌ನಲ್ಲಿ, ಅಲ್ಲಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಅಂತ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಬ್ರೆಜಿಲ್‌ನಲ್ಲಿ 1941ರಲ್ಲಿ ಕಾನೂನೇ ಬಂತು, 1979ರ ತನಕ ಇತ್ತು. ಮೆಕ್ಸಿಕೊದವರು ಅಷ್ಟು ಕಷ್ಟಪಡಲಿಲ್ಲ. ಸುಮ್ನೆ ಕೈಬಿಟ್ಟರು, ಅಷ್ಟೇ ಸಾಕಾಯಿತು.

ಆಮೇಲಿನ ಕಾಲು ಶತಮಾನದ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. 1999ರಲ್ಲಿ ಮೆಕ್ಸಿಕೊ ಮೊದಲ ಸಲ ಫಿಫಾದ ಮಹಿಳಾ ವಿಶ್ವಕಪ್‌ಗೆ ಹೋಯಿತು. ಮೂರು ಪಂದ್ಯ, ಮೂರು ಸೋಲು. ಹಾಕಿದ್ದು 1 ಗೋಲು, ಹಾಕಿಸಿಕೊಂಡಿದ್ದು 15. ತಂಡದಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಆಟ ಕಲಿತವರೂ ಇದ್ದರು. ಮೆಕ್ಸಿಕೊದಲ್ಲಿ ಕಲಿಯೋಕೆ ಜಾಗ ಎಲ್ಲಿತ್ತು?

ಇದ್ದ ಜಾಗ ಬೀದಿ. ಮರಿಬೆಲ್ ಡೊಮಿಂಗ್ವೆಸ್ ರಾಜಧಾನಿಯ ಹೊರವಲಯದ ಚಾಲ್ಕೊದಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು. ಕೂದಲು ಮೋಟಾಗಿ ಕತ್ತರಿಸಿಕೊಂಡು ಹೆಸರು 'ಮಾರಿಯೊ' ಅಂತ ಹೇಳಿಕೊಂಡಿದ್ದಳು. ಹುಡುಗಿ ಅಂತ ಗೊತ್ತಾದರೆ ಆಟಕ್ಕೆ ಸೇರಿಸಿಕೊಳ್ಳಲ್ಲ, ಅಲ್ವಾ? ದೊಡ್ಡವಳಾದ ಮೇಲೆ ಇದೇ ಮಾರಿಯೊಗೆ ಜನ ಇಟ್ಟ ಹೆಸರು 'ಮರಿಗೋಲ್'. 2004ರಲ್ಲಿ ಮೆಕ್ಸಿಕೊ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದಾಗ ತಂಡದ ದೊಡ್ಡ ಹೆಸರು ಅವಳದೇ. ಅದೇ ವರ್ಷದ ಕೊನೆಗೆ ಸೆಲಾಯಾ ಎಂಬ ಎರಡನೇ ದರ್ಜೆಯ ಪುರುಷರ ಕ್ಲಬ್ ಅವಳನ್ನು ಸೇರಿಸಿಕೊಳ್ಳಲು ಹೊರಟಿತು. ಗಂಡಸರ ಆಟ ಬೇರೆ, ಹೆಂಗಸರ ಆಟ ಬೇರೆ ಅಂತ ಫಿಫಾ ತಡೆಯಿತು. ಸರಿ, ಬೇರೆ ಅಂತಲೇ ಇಟ್ಟುಕೊಳ್ಳೋಣ. ಆ ಬೇರೆಯದು ಮೆಕ್ಸಿಕೊದಲ್ಲಿ ಎಲ್ಲಿತ್ತು ಅಂತ ಯಾರೂ ಹೇಳಲಿಲ್ಲ. ಅವಳು ಬಾರ್ಸಿಲೋನಾಗೆ ಹೋದಳು.

2013ರಲ್ಲಿ ಅಮೆರಿಕದಲ್ಲಿ ಹೊಸ ಮಹಿಳಾ ಲೀಗ್ ಶುರುವಾದಾಗ ಮೆಕ್ಸಿಕೊದ ಒಕ್ಕೂಟ ತನ್ನ 16 ಆಟಗಾರ್ತಿಯರಿಗೆ ಸಂಬಳ ಕೊಟ್ಟು ಅಲ್ಲಿಗೆ ಕಳಿಸಿತು. ಅಂದರೆ ಮನೆಯಲ್ಲಿ ಒಲೆ ಹಚ್ಚುವ ಬದಲು ಪಕ್ಕದ ಮನೆಯಲ್ಲಿ ಊಟಕ್ಕೆ ದುಡ್ಡು ಕಟ್ಟಿತು. ಕೆಲವೇ ವರ್ಷಗಳಲ್ಲಿ ಅದೂ ನಿಂತಿತು.

ಕೊನೆಗೆ 2016ರ ಡಿಸೆಂಬರ್‌ನಲ್ಲಿ ಘೋಷಣೆ ಬಂತು: ಪುರುಷರ ಲೀಗ್‌ನ ಕ್ಲಬ್‌ಗಳೇ ಮಹಿಳಾ ತಂಡ ಕಟ್ಟಬೇಕು. 2017ರ ಜುಲೈ 28ಕ್ಕೆ 16 ತಂಡಗಳ ಲೀಗ್ ಶುರುವಾಯಿತು, ವರ್ಷಕ್ಕೆ ಎರಡು ಟೂರ್ನಿ. ಇಲ್ಲಿ ಒಂದು ಜಾಣತನ ಇತ್ತು. ಹೊಸ ಹೆಸರು, ಹೊಸ ಅಂಗಿ, ಹೊಸ ಊರು ಅಂತ ಶುರು ಮಾಡಿದರೆ ಅಭಿಮಾನಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಬೇಕು. ಹಳೇ ಕ್ಲಬ್‌ನ ಅಂಗಿ ಹಾಕಿದರೆ ಜೊತೆಗೆ ಅದರ ಅಭಿಮಾನವೂ ಬರುತ್ತದೆ, ಅದರ ಜಗಳವೂ ಬರುತ್ತದೆ. ಮೊದಲ ಟೂರ್ನಿಯ ಫೈನಲ್‌ನಲ್ಲೇ ಇದು ಕಂಡಿತು. ಚಿವಾಸ್ ತಂಡ ಪಚುಕಾ ಎದುರು ಮೊದಲ ಪಂದ್ಯ 0-2ರಿಂದ ಸೋತು, ತವರಿನಲ್ಲಿ 3-0ರಿಂದ ಗೆದ್ದು ಚಾಂಪಿಯನ್ ಆಯಿತು. ಅವತ್ತು ಗ್ವಾಡಲಹಾರಾದಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಇದ್ದರು. ಮುಂದಿನ ಟೂರ್ನಿಯೇ ಮಾಂಟೆರ್ರೆಯ 51,211.

ಹಾಗಂತ ಎಲ್ಲ ಸರಿಯಾಗಿತ್ತಾ? ಇಲ್ಲ. ಆಟಗಾರ್ತಿಯರಲ್ಲಿ ಹೆಚ್ಚಿನವರು 23 ವರ್ಷದೊಳಗಿನವರೇ ಇರಬೇಕು ಅನ್ನುವ ನಿಯಮ ಇತ್ತು. ವರ್ಷಗಟ್ಟಲೆ ಲೀಗ್‌ಗಾಗಿ ಕಾದು 28, 30 ದಾಟಿದವರಿಗೆ ಹೊಸಿಲಲ್ಲೇ ತಡೆ. ಮೆಕ್ಸಿಕೊದಲ್ಲೇ ಹುಟ್ಟಿರಬೇಕು ಅನ್ನುವುದು ಇನ್ನೊಂದು ನಿಯಮ. ಅಮೆರಿಕದಲ್ಲಿ ಹುಟ್ಟಿ ಮೆಕ್ಸಿಕೊ ಅಂಗಿ ಹಾಕಿ ವಿಶ್ವಕಪ್ ಆಡಿದವರೂ ಹೊರಗೇ ಉಳಿದರು.

ಎಲ್ಲಕ್ಕಿಂತ ಕೆಟ್ಟದ್ದು ಹೊರಬಿದ್ದದ್ದು 2021ರ ಸೆಪ್ಟೆಂಬರ್‌ನಲ್ಲಿ. ಮಾರುಕಟ್ಟೆಯಲ್ಲಿ ಕಂಪನಿಗಳು ಒಳಗೊಳಗೇ ಕೈ ಮಿಲಾಯಿಸಿ ಮೋಸ ಮಾಡುತ್ತಿವೆಯಾ ಅಂತ ನೋಡುವ ಸರ್ಕಾರಿ ಆಯೋಗವೊಂದು ಮೆಕ್ಸಿಕೊದಲ್ಲಿತ್ತು. ಅದು 17 ಕ್ಲಬ್‌ಗಳಿಗೆ, ಒಕ್ಕೂಟಕ್ಕೆ ಮತ್ತು 8 ಜನರಿಗೆ ಒಟ್ಟು 17.76 ಕೋಟಿ ಪೆಸೊ ದಂಡ ಹಾಕಿತು. ತಪ್ಪುಗಳಲ್ಲಿ ಒಂದು: ಮಹಿಳಾ ಲೀಗ್ ಶುರುವಾಗುವ ಹೊತ್ತಿಗೇ ಕ್ಲಬ್‌ಗಳು ಕೂತು ಆಟಗಾರ್ತಿಯರ ಸಂಬಳಕ್ಕೆ ಮಿತಿ ಹಾಕಿಕೊಂಡಿದ್ದವು. 23 ದಾಟಿದವರಿಗೆ ತಿಂಗಳಿಗೆ 2,000 ಪೆಸೊ. ಅದಕ್ಕಿಂತ ಚಿಕ್ಕವರಿಗೆ 500 ಪೆಸೊ, ಜೊತೆಗೆ ಒಂದು ತರಬೇತಿ ಕೋರ್ಸ್. 17ರ ಒಳಗಿನವರಿಗೆ ಸಂಬಳವೇ ಇಲ್ಲ, ಓಡಾಟ, ಓದು, ವಸತಿಗೆ ಸಹಾಯ ಮಾತ್ರ. ಆಗಿನ ಲೆಕ್ಕದಲ್ಲಿ 2,000 ಪೆಸೊ ಅಂದರೆ ನಮ್ಮ ದುಡ್ಡಲ್ಲಿ ಆರೇಳು ಸಾವಿರ ರೂಪಾಯಿ. 2018-19ಕ್ಕೆ ಮಿತಿಯನ್ನು 15,000 ಪೆಸೊಗೆ ಏರಿಸಿದರು. ಒಂದು ತಂಡದಲ್ಲಿ ನಾಲ್ವರು ಮಾತ್ರ ಅದಕ್ಕಿಂತ ಜಾಸ್ತಿ ಪಡೆಯಬಹುದಿತ್ತು. 1971ರ ಹುಡುಗಿಯರು ಪಾಲು ಕೇಳಿದಾಗ ಬೈಸಿಕೊಂಡರು. ಇವರಿಗೆ ಕೇಳುವ ಮೊದಲೇ ಪಾಲು ಎಷ್ಟು ಅಂತ ತೀರ್ಮಾನವಾಗಿತ್ತು.

ಆಟ ಮಾತ್ರ ನಿಲ್ಲಲಿಲ್ಲ. 2018ರಿಂದ 2021ರ ಒಳಗೆ ಟಿಗ್ರೆಸ್ ಮತ್ತು ರಯಾಡಾಸ್ ಐದು ಸಲ ಫೈನಲ್‌ನಲ್ಲಿ ಎದುರಾದವು. ಟಿಗ್ರೆಸ್ ಮೂರು, ರಯಾಡಾಸ್ ಎರಡು. ಹಳೇ ಬಾಕಿ ಹೀಗೆ ಸ್ವಲ್ಪ ಸ್ವಲ್ಪ ತೀರಿತು. ಟಿಗ್ರೆಸ್‌ನ ಮೊದಲ ಕಪ್‌ಗೆ ಕೋಚ್ ಆಗಿದ್ದವರು ಆ ಕ್ಲಬ್‌ನ ಹಳೇ ಹುಲಿ ಓಸ್ವಾಲ್ಡೊ ಬಟೊಕ್ಲೆಟ್ಟಿ. ಮರುವರ್ಷ ಅವರು ತೀರಿಕೊಂಡರು. ವಯಸ್ಸಿನ ನಿಯಮ ಮೆಲ್ಲಗೆ ಸಡಿಲವಾಗಿ ಹೋಯಿತು. 2021ರಲ್ಲಿ ವಿದೇಶಿಯರಿಗೂ ಬಾಗಿಲು ತೆರೆಯಿತು. 2022ರಲ್ಲಿ ಸ್ಪೇನ್‌ನ ಜೆನ್ನಿ ಎರ್ಮೊಸೊ ಬಾರ್ಸಿಲೋನಾ ಬಿಟ್ಟು ಪಚುಕಾಗೆ ಬಂದಳು. ಒಂದು ಕಾಲದಲ್ಲಿ ಮರಿಗೋಲ್ ಹೋದ ದಾರಿಯಲ್ಲಿ ಈಗ ಎದುರಿನಿಂದ ಜನ ಬರತೊಡಗಿದ್ದರು.

2023ರ ಜೂನ್‌ನಲ್ಲಿ ರಾಜಧಾನಿಯ 'ಅಮೆರಿಕಾ' ಎಂಬ ಕ್ಲಬ್ ಇದೇ ಪಚುಕಾವನ್ನು ಮಣಿಸಿ ಲೀಗ್ ಗೆದ್ದಾಗ ಅಜ್ಟೆಕಾದಲ್ಲಿ 58,156 ಜನ ಇದ್ದರು. 1971ರ ಗುಲಾಬಿ ಕಂಬಗಳು ನಿಂತಿದ್ದ ಅದೇ ಮೈದಾನ. ಆ ಕ್ಲಬ್‌ನ ಆಟಗಾರ್ತಿ ಸ್ಕಾರ್ಲೆಟ್ ಕಂಬೆರೊಸ್ ಅವತ್ತು ಅಲ್ಲಿರಲಿಲ್ಲ. ಒಬ್ಬ ಗಂಡಸು ಅವಳ ಬೆನ್ನು ಬಿದ್ದು ಕಾಟ ಕೊಡುತ್ತಿದ್ದ. ದೂರು ಕೊಟ್ಟ ಮೇಲೆ ಅವನಿಗೆ ಸಿಕ್ಕಿದ್ದು 36 ಗಂಟೆಗಳ ಸೆರೆ. ಆ ವರ್ಷದ ಮಾರ್ಚ್‌ನಲ್ಲೇ ಅವಳು ತಂಡ ಬಿಟ್ಟು, ದೇಶ ಬಿಟ್ಟು, ಅಮೆರಿಕದ ಲಾಸ್ ಏಂಜಲೀಸ್‌ನ ಕ್ಲಬ್‌ಗೆ ಹೊರಟುಹೋಗಿದ್ದಳು.