ಮಚ್ಚೆಗೆ ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತಾ?

ಪ್ರಶ್ನೆ: ಬೆನ್ನಿನ ಮಚ್ಚೆ ಈಚೆಗೆ ಬಣ್ಣ ಬದಲಾಯಿಸಿದೆ. ಡಾಕ್ಟರು ಬಯಾಪ್ಸಿ ಮಾಡೋಣ ಅಂದರು. ಕತ್ತರಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತಂತೆ. ಸುಮ್ನೆ ಬಿಡೋದು ವಾಸಿ ಅಲ್ವಾ?

ಬಿಡಬೇಡಿ. ಬಯಾಪ್ಸಿಯಿಂದ, ಅಂದರೆ ಪರೀಕ್ಷೆಗಾಗಿ ಮಚ್ಚೆಯನ್ನು ಕತ್ತರಿಸಿ ತೆಗೆಯುವುದರಿಂದ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಹರಡುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಇದೊಂದು ಭಯದಿಂದ ಜನ ಗುಣವಾಗುವ ಕಾಲವನ್ನೇ ಕಳೆದುಕೊಳ್ಳುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೆಲನೋಮಾ ಯಾರ ಕತ್ತರಿಗೂ ಕಾಯುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಕೆಟ್ಟು, ಸಾಮಾನ್ಯವಾಗಿ ಮೊದಲು ಮೇಲ್ಪದರದಲ್ಲೇ ಅಗಲವಾಗುತ್ತವೆ. ಆಮೇಲೆ ಕೆಳಗಿಳಿಯುತ್ತವೆ. ಅಲ್ಲಿ ರಕ್ತನಾಳಗಳೂ, ಲಿಂಫ್ ಎಂಬ ದೇಹದ್ರವ ಹರಿಯುವ ನಾಳಗಳೂ ಇವೆ. ಹರಡುವ ದಾರಿ ಅದೇ. ಈ ಆಳ ಎಷ್ಟು ಮುಖ್ಯ ಅಂತ 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಪೆಥಾಲಜಿಸ್ಟ್ ತೋರಿಸಿಕೊಟ್ಟರು. ಇವತ್ತಿಗೂ ಡಾಕ್ಟರು ಮೊದಲು ನೋಡುವುದು ಆ ಅಳತೆಯನ್ನೇ. 1 ಮಿಲಿಮೀಟರಿಗಿಂತ ತೆಳುವಿದ್ದು, ಬೇರೆಲ್ಲೂ ಹೋಗಿರದಿದ್ದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಕಾಯುತ್ತಾ ಕೂತರೆ ಹೆಚ್ಚುವುದು ಆ ಆಳವೇ.

“ಆಪರೇಷನ್ ಆದ ಮೇಲೇ ಜಾಸ್ತಿ ಆಯ್ತು” ಎನ್ನುವವರಿದ್ದಾರೆ. ಅಂಥವರಲ್ಲಿ ಹೆಚ್ಚಿನವರು ತಡವಾಗಿ ಬಂದವರು. ಕತ್ತರಿ ತಾಗುವ ಮೊದಲೇ ಕ್ಯಾನ್ಸರ್ ಕೋಶಗಳು ಲಿಂಫ್ ನಾಳಗಳ ದಾರಿಯಲ್ಲಿರುವ ಲಿಂಫ್ ಗಂಟು ಸೇರಿರುತ್ತವೆ. ಅವು ಕಣ್ಣಿಗೆ ಬೀಳುವುದು ಆಮೇಲೆ. ತಪ್ಪು ಕತ್ತರಿಯ ಮೇಲೆ ಬರುತ್ತದೆ. ಮಚ್ಚೆಯ ಒಂದು ಚೂರು ಮಾತ್ರ ತೆಗೆಸಿಕೊಂಡವರನ್ನೂ ಇಡೀ ಮಚ್ಚೆ ತೆಗೆಸಿದವರನ್ನೂ ಹೋಲಿಸಿ ನೋಡಿದ್ದಾರೆ. ಬದುಕುಳಿಯುವುದರಲ್ಲಿ ವ್ಯತ್ಯಾಸ ಕಂಡಿಲ್ಲ.

ಹೆದರಬೇಕಾದ್ದು ಬೇರೆಯೇ ಇದೆ. ಅನುಮಾನದ ಮಚ್ಚೆಯನ್ನು ಪರೀಕ್ಷಿಸದೆ ಲೇಸರ್‌ನಿಂದಲೋ ಆ್ಯಸಿಡ್‌ನಿಂದಲೋ ಸುಡಿಸುವುದು. ಸುಟ್ಟ ಮೇಲೆ ಆಳ ಅಳೆಯಲು ಏನೂ ಉಳಿಯುವುದಿಲ್ಲ. ಅಡಿಯಲ್ಲಿ ಉಳಿದದ್ದು ಬೆಳೆಯುತ್ತಲೇ ಇರುತ್ತದೆ.

ಬಯಾಪ್ಸಿ ಅಂದರೆ ಆ ಜಾಗ ಮರಗಟ್ಟಿಸಿ, ಸಾಧ್ಯವಾದರೆ ಇಡೀ ಮಚ್ಚೆಯನ್ನು ಸುತ್ತ 1ರಿಂದ 3 ಮಿಲಿಮೀಟರ್ ಚರ್ಮದ ಸಮೇತ ತೆಗೆಯುವುದು, ಅಷ್ಟೇ. ಮೆಲನೋಮಾ ಎಂದು ಗೊತ್ತಾದರೆ ಸಾಮಾನ್ಯವಾಗಿ ಸುತ್ತ ಇನ್ನೂ 1–2 ಸೆಂಟಿಮೀಟರ್ ತೆಗೆಯುತ್ತಾರೆ. ಆಳವಿದ್ದರೆ ಹತ್ತಿರದ ಲಿಂಫ್ ಗಂಟನ್ನೂ ಪರೀಕ್ಷಿಸುತ್ತಾರೆ. ಹರಡಿದವರಿಗೂ 2011ರಿಂದೀಚೆಗೆ ಬಂದ ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ) ಔಷಧಿಗಳಿಂದ ಆಯಸ್ಸು ಹೆಚ್ಚಿದೆ.

ಯಾವ ಮಚ್ಚೆ ತೋರಿಸಬೇಕು? ಎರಡು ಅರ್ಧ ಹೊಂದದ್ದು, ಅಂಚು ಒರಟಾದದ್ದು, ಹಲವು ಬಣ್ಣದ್ದು, 6 ಮಿಲಿಮೀಟರ್ ಮೀರಿದ್ದು. ಎಲ್ಲಕ್ಕಿಂತ ಮುಖ್ಯ, ಬದಲಾಗುತ್ತಿರುವುದು. ಹಳೆ ಮಚ್ಚೆಗಿಂತ ಹೊಸದಾಗಿ ಮೂಡುವ ಕಲೆಗಳಲ್ಲೇ ಮೆಲನೋಮಾ ಜಾಸ್ತಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೈಬಣ್ಣ ಕಪ್ಪಿದ್ದರೆ ಅಪಾಯ ತುಂಬಾ ಕಡಿಮೆ, ಆದರೆ ಸೊನ್ನೆಯಲ್ಲ. ಅಂಥವರಲ್ಲಿ ಇದು ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲಿನ ಹೆಬ್ಬೆರಳಿನಲ್ಲಿ. 1981ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡರು. ತೆಳು ಬಣ್ಣದವರು ನಡುಹಗಲ ಬಿಸಿಲು ತಪ್ಪಿಸಿ, ತುಂಬು ತೋಳು ತೊಟ್ಟು, ಸನ್‌ಸ್ಕ್ರೀನ್ ಹಚ್ಚಿ ಅಪಾಯ ತಗ್ಗಿಸಬಹುದು. ಅಂಗಾಲಿನದಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಅಲ್ಲಿ ನೋಡಿಕೊಳ್ಳುವುದೇ ದಾರಿ. ಪೆಟ್ಟಿನಿಂದಾದ ಕಪ್ಪು ಕಲೆ ಉಗುರು ಬೆಳೆದಂತೆ ಮುಂದೆ ಸರಿಯುತ್ತದೆ. ಸರಿಯದೆ ಅಗಲವಾಗುವ ಗೆರೆಯನ್ನು, ಉಗುರಿನ ಬುಡದ ಚರ್ಮಕ್ಕೂ ಹಬ್ಬಿದ ಕಪ್ಪನ್ನು ಚರ್ಮದ ಡಾಕ್ಟರಿಗೆ ಬೇಗ ತೋರಿಸಿ.