ಪೈಚಾರ್ಮ್‌ನಲ್ಲಿ ಓಡುತ್ತೆ, ಸರ್ವರ್‌ನಲ್ಲಿ ಯಾಕೆ ಓಡಲ್ಲ?

ಪೈಥಾನ್ ತಂಡಗಳಲ್ಲಿ ಈ ಪ್ರಶ್ನೆ ಕೇಳದ ವಾರವೇ ಇರುವುದಿಲ್ಲ. ಹೊಸದಾಗಿ ಸೇರಿದ ಹುಡುಗ, ಪೈಥಾನ್ ಕೋಡ್ ಬರೆದು ಓಡಿಸುವ ಪೈಚಾರ್ಮ್ ಎಂಬ ತಂತ್ರಾಂಶದಲ್ಲಿ ಕೋಡ್ ಬರೆದಿರುತ್ತಾನೆ. ಮೇಲಿನ ಹಸಿರು ತ್ರಿಕೋನ ಒತ್ತಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಅದೇ ಕೋಡ್ ಸರ್ವರ್‌ಗೆ ಹೋದ ಕೂಡಲೇ ಮೊದಲ ಸಾಲಲ್ಲೇ ಮುಗ್ಗರಿಸುತ್ತದೆ. "ಮೇಡಂ, ನನ್ ಲ್ಯಾಪ್‌ಟಾಪಲ್ಲಿ ಓಡ್ತಿದೆ, ಬೇಕಾದ್ರೆ ತೋರಿಸ್ತೀನಿ" ಅನ್ನುತ್ತಾನೆ. ಅವನೇನೂ ಸುಳ್ಳು ಹೇಳುತ್ತಿಲ್ಲ.

ಬೈಗುಳ ತಿನ್ನುವುದು ಮಾತ್ರ ಸರ್ವರ್, ಇಲ್ಲವೇ ಅದನ್ನು ನೋಡಿಕೊಳ್ಳುವವರು. ಆದರೆ ಬಹಳಷ್ಟು ಸಲ ವಿಷಯ ಇರುವುದು ಲ್ಯಾಪ್‌ಟಾಪ್‌ನಲ್ಲೇ. ಐಡಿಇ (ಕೋಡ್ ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲ ಒಂದೇ ಕಡೆ ಮಾಡಿಸುವ ಪೈಚಾರ್ಮ್‌ನಂಥ ತಂತ್ರಾಂಶ) ನಮ್ಮ ಪರವಾಗಿ ಒಂದಷ್ಟು ಕೆಲಸ ಸದ್ದಿಲ್ಲದೆ ಮಾಡಿಕೊಟ್ಟಿರುತ್ತದೆ. ಮನೆಯಲ್ಲಿದ್ದಾಗ ಬಟ್ಟೆ ಯಾರು ಒಗೀತಿದ್ರು ಅನ್ನೋದು ಹಾಸ್ಟೆಲ್‌ಗೆ ಹೋದ ಮೇಲೆ ಗೊತ್ತಾಗುತ್ತಲ್ಲ, ಹಾಗೆ.

ಈ ಬರಹದ ಉದಾಹರಣೆಗಳು ಹೆಚ್ಚಾಗಿ ಪೈಚಾರ್ಮ್‌ನವು. ಜೆಟ್‌ಬ್ರೈನ್ಸ್ ಕಂಪನಿ ಇದನ್ನು 2010ರಲ್ಲಿ ಹೊರತಂದಿತು. 2013ರಲ್ಲಿ ಕಮ್ಯುನಿಟಿ ಆವೃತ್ತಿ ಪುಕ್ಕಟೆಯಾಗಿ, ಓಪನ್ ಸೋರ್ಸ್ ಆಗಿ ಬಂತು. ನಮ್ಮಲ್ಲಿ ಕಾಲೇಜು ಹುಡುಗರ ಕೈಗೆ ಇದು ಸಿಕ್ಕಿದ್ದು ಹಾಗೆ. ಸ್ಪೈಡರ್, ವಿಂಗ್, ಪೈಥಾನ್ ಜೊತೆಗೇ ಬರುವ ಐಡಲ್ ಕೂಡ ಇವೆ. ವಿಎಸ್ ಕೋಡ್ ಬಳಸುವವರಂತೂ ತುಂಬಾ ಜನ. ಅದನ್ನು ಐಡಿಇ ಅನ್ನಬೇಕೋ ಎಡಿಟರ್ ಅನ್ನಬೇಕೋ ಎಂಬ ಜಗಳ ನನಗೆ ಬೇಡ.

ಇಂಟರ್‌ಪ್ರಿಟರ್, ಅಂದರೆ ಕೋಡನ್ನು ಓದಿ ಓಡಿಸುವ ಪೈಥಾನ್ ಪ್ರೋಗ್ರಾಂ, ಅದರ ವಿಷಯ ಮೊದಲು ಮುಗಿಸಿಬಿಡೋಣ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರ್ನಾಲ್ಕು ಪೈಥಾನ್ ಇರುವುದು ಮಾಮೂಲು. ಪ್ರಾಜೆಕ್ಟ್ ಶುರು ಮಾಡುವಾಗ ಪೈಚಾರ್ಮ್ ತಾನೇ ಒಂದು ವರ್ಚುವಲ್ ಎನ್ವಿರಾನ್ಮೆಂಟ್, ಅಂದರೆ ಆ ಪ್ರಾಜೆಕ್ಟ್‌ಗೆಂದೇ ಪ್ಯಾಕೇಜ್‌ಗಳನ್ನು ಇಡುವ ಪ್ರತ್ಯೇಕ ಜಾಗ, ಕಟ್ಟಿಕೊಡುತ್ತದೆ. ಒಳಗಿನ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದರೆ ಅದನ್ನೇ ಆಕ್ಟಿವೇಟ್ ಕೂಡ ಮಾಡಿಡುತ್ತದೆ. ಹೊರಗಿನ ಟರ್ಮಿನಲ್‌ಗೆ ಇದ್ಯಾವುದೂ ಗೊತ್ತಿಲ್ಲ. ಅಲ್ಲಿ ಪ್ಯಾಕೇಜ್ ಹಾಕುವ ಪಿಪ್ ಕಮಾಂಡ್‌ನಿಂದ ಇನ್‌ಸ್ಟಾಲ್ ಮಾಡಿದರೆ ಪ್ಯಾಕೇಜ್ ಬೇರೆ ಮನೆ ಸೇರುತ್ತದೆ. ಅನುಮಾನ ಬಂದ ಕೂಡಲೇ ಕೋಡ್‌ನ ಮೊದಲ ಸಾಲಿನಲ್ಲಿ ಸಿಸ್.ಎಕ್ಸಿಕ್ಯೂಟೆಬಲ್ ಪ್ರಿಂಟ್ ಮಾಡಿ. ಯಾವ ಪೈಥಾನ್ ಓಡುತ್ತಿದೆ ಎಂದು ಅದೇ ಹೇಳುತ್ತದೆ. ಪಿಪ್ ಅನ್ನು ಬರಿಗೈಯಲ್ಲಿ ಕರೆಯದೆ ಪೈಥಾನ್ -ಎಮ್ ಪಿಪ್ ಎಂದು ಕರೆದರೆ ಈ ಗೊಂದಲ ಅರ್ಧಕ್ಕರ್ಧ ಹೋಗುತ್ತದೆ.

ಇದಕ್ಕಿಂತ ಜಾಸ್ತಿ ಸಮಯ ತಿನ್ನುವುದು ಪೈಥಾನ್‌ಪಾತ್, ಅಂದರೆ ಇಂಪೋರ್ಟ್ ಮಾಡಿದ್ದನ್ನು ಇನ್ನೂ ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಎಂದು ಪೈಥಾನ್‌ಗೆ ಹೇಳುವ ಪಟ್ಟಿ. ಒಂದು ಪ್ರಾಜೆಕ್ಟ್ ಇದೆ ಅಂದುಕೊಳ್ಳಿ. ಅದರೊಳಗೆ ಆಪ್ ಮತ್ತು ಯುಟಿಲ್ಸ್ ಎಂಬ ಎರಡು ಫೋಲ್ಡರ್. ಆಪ್ ಒಳಗಿನ ಮೇನ್ ಫೈಲ್, ಯುಟಿಲ್ಸ್‌ನಿಂದ ಏನನ್ನೋ ಇಂಪೋರ್ಟ್ ಮಾಡುತ್ತದೆ. ಪೈಚಾರ್ಮ್‌ನಲ್ಲಿ ಓಡುತ್ತದೆ. ಟರ್ಮಿನಲ್‌ನಲ್ಲಿ ಅದೇ ಮೇನ್ ಫೈಲನ್ನು ಓಡಿಸಿದರೆ ಯುಟಿಲ್ಸ್ ಎಂಬ ಮಾಡ್ಯೂಲ್ ಇಲ್ಲ ಎಂದು ಎರರ್. ಫೋಲ್ಡರ್ ಕಣ್ಣೆದುರೇ ಇದೆ, ಆದರೂ ಇಲ್ಲ ಅನ್ನುತ್ತಿದೆ!

ಆಗುವುದು ಇಷ್ಟೇ. ಒಂದು ಫೈಲನ್ನು ನೇರವಾಗಿ ಓಡಿಸಿದಾಗ ಪೈಥಾನ್, ಆ ಫೈಲ್ ಇರುವ ಫೋಲ್ಡರನ್ನು ಮಾತ್ರ ತನ್ನ ಹುಡುಕುವ ಪಟ್ಟಿಯ ಮೊದಲಿಗೆ ಹಾಕಿಕೊಳ್ಳುತ್ತದೆ. ಅಂದರೆ ಆಪ್ ಫೋಲ್ಡರ್. ಯುಟಿಲ್ಸ್ ಅದರ ಪಕ್ಕದಲ್ಲಿದೆ, ಒಳಗಿಲ್ಲ. ಪೈಚಾರ್ಮ್ ಇಲ್ಲಿ ಒಂದು ಉಪಕಾರ ಮಾಡುತ್ತದೆ: ಇಡೀ ಪ್ರಾಜೆಕ್ಟ್‌ನ ಫೋಲ್ಡರನ್ನೂ, ನೀವು ಸೋರ್ಸ್ ರೂಟ್ ಎಂದು ಗುರುತು ಮಾಡಿದ ಫೋಲ್ಡರ್‌ಗಳನ್ನೂ ಪೈಥಾನ್‌ಪಾತ್‌ಗೆ ಸೇರಿಸಿ ಓಡಿಸುತ್ತದೆ. ರನ್ ಕಾನ್ಫಿಗರೇಷನ್ ತೆರೆದು ನೋಡಿದರೆ ಇದಕ್ಕೆಂದೇ ಎರಡು ಟಿಕ್ ಬಾಕ್ಸ್ ಸಿಗುತ್ತವೆ. ಮೊದಲಿನಿಂದಲೇ ಎರಡಕ್ಕೂ ಟಿಕ್ ಬಿದ್ದಿರುತ್ತದೆ.

ಹೊಸ ಪ್ರಾಜೆಕ್ಟ್ ಅಂದರೆ ನಾನು ಮೊದಲು ಆ ಎರಡೂ ಟಿಕ್ ತೆಗೆಸುತ್ತೇನೆ. ಫೈಲ್ ಹೆಸರು ಕೊಡುವ ಬದಲು ಮಾಡ್ಯೂಲ್ ಹೆಸರು ಕೊಟ್ಟು ಓಡಿಸಲು ಹೇಳುತ್ತೇನೆ. ಟರ್ಮಿನಲ್‌ನಲ್ಲಾದರೆ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ನಿಂತು ಪೈಥಾನ್ -ಎಮ್ ಆಪ್.ಮೇನ್. ಹೀಗೆ ಓಡಿಸಿದರೆ ನಾವು ನಿಂತಿರುವ ಫೋಲ್ಡರ್ ಪಟ್ಟಿಗೆ ಸೇರುತ್ತದೆ, ಯುಟಿಲ್ಸ್ ಸಿಗುತ್ತದೆ. ಹುಡುಗರಿಗೆ ಮೊದಮೊದಲು ಕಿರಿಕಿರಿ. ಆದರೆ ಇಂಪೋರ್ಟ್ ಒಡೆಯುವುದಾದರೆ ಅವತ್ತೇ, ಅವರ ಮುಂದೆಯೇ ಒಡೆಯುತ್ತದೆ. ಕೋಡ್ ಒಳಗೆ ಸಿಸ್.ಪಾತ್ ಎಂಬ ಆ ಹುಡುಕುವ ಪಟ್ಟಿಗೆ ಕೈಯಾರೆ ಫೋಲ್ಡರ್ ಸೇರಿಸುವ ಸಾಲುಗಳನ್ನು ಬರೆಯುವವರೂ ಇದ್ದಾರೆ. ರಿವ್ಯೂನಲ್ಲಿ ಅದು ಕಂಡರೆ ನಾನು ಪಾಸ್ ಮಾಡಲ್ಲ.

ಇದರ ತಮ್ಮನೇ ವರ್ಕಿಂಗ್ ಡೈರೆಕ್ಟರಿ, ಅಂದರೆ ಪ್ರೋಗ್ರಾಂ ಓಡುವಾಗ ನಿಂತಿರುವ ಫೋಲ್ಡರ್. ಡೇಟಾ ಎಂಬ ಫೋಲ್ಡರ್‌ನ ಒಂದು ಫೈಲನ್ನು ಬರೀ ಡೇಟಾ, ಸ್ಲ್ಯಾಶ್, ಫೈಲ್ ಹೆಸರು ಅಂತ ಬರೆದು ತೆರೆದಿರುತ್ತೀರಿ. ಪೈಚಾರ್ಮ್ ಸಾಮಾನ್ಯವಾಗಿ ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲಿ ನಿಂತು ಓಡಿಸುತ್ತದೆ. ವಿಎಸ್ ಕೋಡ್ ಸಾಮಾನ್ಯವಾಗಿ ತೆರೆದಿರುವ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ನಿಂತು ಓಡಿಸುತ್ತದೆ. ಹಾಗಾಗಿ ಪಕ್ಕಪಕ್ಕದಲ್ಲಿ ಕೂತ ಇಬ್ಬರಿಗೆ, ಒಂದೇ ಕಮಿಟ್‌ನ (ಉಳಿಸಿದ ಒಂದೇ ಆವೃತ್ತಿಯ ಕೋಡ್‌ನ) ಮೇಲೆ, ಒಬ್ಬರಿಗೆ ಫೈಲ್ ಸಿಗುತ್ತದೆ, ಇನ್ನೊಬ್ಬರಿಗೆ ಸಿಗುವುದಿಲ್ಲ. ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ಗೆ ಹಾಕಿದರೆ ಅದು ಹೋಮ್ ಫೋಲ್ಡರ್‌ನಲ್ಲಿ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಸರ್ವಿಸ್ ಆದರೆ ಸ್ಲ್ಯಾಶ್‌ನಲ್ಲಿ, ಅಂದರೆ ಮೂಲ ಫೋಲ್ಡರ್‌ನಲ್ಲಿ. ಡಂಡರ್ ಫೈಲ್, ಅಂದರೆ ಆ ಕೋಡ್ ಫೈಲ್ ಎಲ್ಲಿದೆ ಎಂದು ಹೇಳುವ __file__ ವೇರಿಯೇಬಲ್, ಅದರಿಂದ ಪಾತ್ ಕಟ್ಟಿಕೊಂಡರೆ ಎಲ್ಲಿ ನಿಂತರೂ ಒಂದೇ ಫೈಲ್ ಸಿಗುತ್ತದೆ.

ಇನ್ನೊಂದು ನೋಡಿ. ರಾತ್ರಿ ಓಡುವ ಸ್ಕ್ರಿಪ್ಟ್ ಒಂದಿದೆ, ಅದರ ಪ್ರಿಂಟ್ ಎಲ್ಲ ಲಾಗ್ ಫೈಲ್‌ಗೆ ಹೋಗಬೇಕು. ಬೆಳಗ್ಗೆ ನೋಡಿದರೆ ಲಾಗ್ ಖಾಲಿ. ಸ್ಕ್ರಿಪ್ಟ್ ಸತ್ತಿದೆ ಎಂದುಕೊಂಡು ಕಿಲ್ ಮಾಡುತ್ತಾರೆ. ಪಾಪ, ಅದು ಚೆನ್ನಾಗಿಯೇ ಓಡುತ್ತಿತ್ತು. ಔಟ್‌ಪುಟ್ ಫೈಲ್‌ಗೆ ಹೋಗುವಾಗ ಪೈಥಾನ್ ಪ್ರತಿ ಸಾಲನ್ನೂ ಕೂಡಲೇ ಬರೆಯುವುದಿಲ್ಲ. ಒಂದಷ್ಟು ಕೂಡಿಹಾಕಿಕೊಂಡು ಒಟ್ಟಿಗೆ ಬರೆಯುತ್ತದೆ. ಪೈಚಾರ್ಮ್ ಓಡಿಸುವಾಗ ಪೈಥಾನ್‌ಅನ್‌ಬಫರ್ಡ್ ಎಂಬ ವೇರಿಯೇಬಲ್‌ಗೆ 1 ಎಂದು ಹಾಕಿರುತ್ತದೆ. ಅದಕ್ಕೇ ಅಲ್ಲಿ ಪ್ರಿಂಟ್ ಮಾಡಿದ್ದು ತಕ್ಷಣ ಕಾಣುತ್ತದೆ. ಹೊರಗೆ ಓಡಿಸುವಾಗ -ಯು ಎಂದು ಸೇರಿಸಿ, ಇಲ್ಲವೇ ಸರಿಯಾದ ಲಾಗಿಂಗ್ ಬಳಸಿ.

ಈಗ ಕನ್ನಡದ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರಿಗೆ ಬೇಕಾದ ಒಂದು ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿಲ್ಲೆಗಳ ಹೆಸರಿರುವ ಒಂದು ಸಿಎಸ್‌ವಿ ಫೈಲ್, ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದ್ದು. ಪೈಚಾರ್ಮ್‌ನಲ್ಲಿ ತೆರೆದರೆ ಕನ್ನಡ ಚೆನ್ನಾಗಿ ಕಾಣುತ್ತದೆ. ಆದರೆ ಅದು ಎಡಿಟರ್ ಓದಿದ ರೀತಿ. ನಿಮ್ಮ ಕೋಡ್‌ನಲ್ಲಿ ಫೈಲ್ ತೆರೆಯುವ ಓಪನ್ ಫಂಕ್ಷನ್ ಓದುವ ರೀತಿ ಬೇರೆ. ಎನ್ಕೋಡಿಂಗ್ (ಅಂದರೆ ಇಂಥ ಪದ್ಧತಿಯ ಹೆಸರು) ಹೇಳದಿದ್ದರೆ ಓಪನ್ ಆ ಮಷಿನ್‌ನ ಪದ್ಧತಿ ಹಿಡಿಯುತ್ತದೆ. ಮ್ಯಾಕ್, ಲಿನಕ್ಸ್‌ನಲ್ಲಿ ಅದು ಯುಟಿಎಫ್-8. ಇಂಗ್ಲಿಷ್‌ನಲ್ಲಿ ಇಟ್ಟುಕೊಂಡ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸಿಪಿ1252, ಅಂದರೆ ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ ಹಳೆಯ ಪಟ್ಟಿ.

ತಮಾಷೆ ಶುರುವಾಗುವುದು ಇಲ್ಲಿ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್. ಸಿಪಿ1252ರಲ್ಲಿ ಐದು ಬೈಟ್‌ಗಳಿಗೆ ಯಾವ ಅಕ್ಷರವೂ ಇಲ್ಲ. ಅವುಗಳಲ್ಲಿ ಎರಡು, ಹೆಕ್ಸ್ ಲೆಕ್ಕದಲ್ಲಿ, 81 ಮತ್ತು 8ಡಿ. ನಮ್ಮ ಉಕಾರದ ಗುಣಿತ ಚಿಹ್ನೆಯ ಕೊನೆಯ ಬೈಟ್ 81, ಅರ್ಧಾಕ್ಷರದ ಚಿಹ್ನೆಯ ಕೊನೆಯ ಬೈಟ್ 8ಡಿ. ಹಾಗಾಗಿ ಮೈಸೂರು, ತುಮಕೂರು, ಬೀದರ್ ಬಂದರೆ ಪ್ರೋಗ್ರಾಂ ಯುನಿಕೋಡ್ ಡಿಕೋಡ್ ಎರರ್ ಕೊಟ್ಟು ನಿಲ್ಲುತ್ತದೆ. ಹಾಸನ, ಗದಗ, ಕೋಲಾರದಲ್ಲಿ ಆ ಎರಡು ಚಿಹ್ನೆ ಇಲ್ಲ. ಅವು ಎರರ್ ಇಲ್ಲದೆ ಒಳಗೆ ಬರುತ್ತವೆ, ಆದರೆ ಕಸವಾಗಿ. ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ (à), ಪಕ್ಕದಲ್ಲಿ ಪುಟ್ಟ ಎರಡು, ಮತ್ತೆ ಅದೇ ಎ. ಎರರ್ ಬಂದರೆ ಪುಣ್ಯ. ನಾಲ್ಕೈದು ಸಾಲಿನ ಸ್ಯಾಂಪಲ್ ಫೈಲ್‌ನಲ್ಲಿ ಹಾಸನ, ಗದಗ ಮಾತ್ರ ಇದ್ದರೆ ಕಸ ಸೀದಾ ಡೇಟಾಬೇಸ್ ಸೇರುತ್ತದೆ.

ಪರಿಹಾರ ಒಂದೇ ಸಾಲು: ಓಪನ್‌ಗೆ ಎನ್ಕೋಡಿಂಗ್ ಯುಟಿಎಫ್-8 ಎಂದು ಪ್ರತಿ ಸಲವೂ ಬರೆಯುವುದು. ಎಕ್ಸೆಲ್‌ನಿಂದ ಬಂದ ಯುಟಿಎಫ್-8 ಸಿಎಸ್‌ವಿ ಆದರೆ ಫೈಲ್‌ನ ತಲೆಯಲ್ಲಿ ಕಣ್ಣಿಗೆ ಕಾಣದ ಬಿಒಎಂ ಗುರುತು ಇರುತ್ತದೆ. ಅದು ಮೊದಲ ಕಾಲಮ್‌ನ ಹೆಸರಿಗೆ ಅಂಟಿಕೊಂಡು ಕೀ ಎರರ್ ಕೊಡುತ್ತದೆ. ಆಗ ಯುಟಿಎಫ್-8-ಸಿಗ್ ಎಂದು ಕೊಡಬೇಕು. ಪೈಥಾನ್ 3.15ರಿಂದ ಯುಟಿಎಫ್-8 ತಾನೇ ತಾನಾಗಿ ಬರಬೇಕೆಂದು ತೀರ್ಮಾನವಾಗಿದೆ. ಆದರೆ ಸರ್ಕಾರಿ ಕಚೇರಿಗಳ ಮಷಿನ್‌ಗಳಿಗೆ ಅದು ಬರುವವರೆಗೆ ಕೈಯಾರೆ ಬರೆಯುವುದೇ ವಾಸಿ.

ಪ್ರಿಂಟ್ ಕಥೆಯೂ ಇದೇ. ಪೈಚಾರ್ಮ್ ತನ್ನ ಕನ್ಸೋಲ್‌ಗೆ ಯುಟಿಎಫ್-8 ಹೊಂದಿಸಿಕೊಂಡಿರುತ್ತದೆ, ಕನ್ನಡ ಚೆನ್ನಾಗಿ ಮೂಡುತ್ತದೆ. ವಿಂಡೋಸ್‌ನಲ್ಲಿ ಅದೇ ಸ್ಕ್ರಿಪ್ಟ್‌ನ ಔಟ್‌ಪುಟ್ ಅನ್ನು ಫೈಲ್‌ಗೆ ತಿರುಗಿಸಿದರೆ ಮೊದಲ ಕನ್ನಡ ಅಕ್ಷರಕ್ಕೇ ಎರರ್. ಜೊತೆಗೆ, ಸಾಫ್ಟ್‌ವೇರ್ ಎಂದು ಬರೆಯುವಾಗ ನಡುವೆ ಹಾಕುವ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಕಾಣದ ಚಿಹ್ನೆ. ಅದು ಇರುವ ಪದ, ಇಲ್ಲದ ಪದ ಎರಡೂ ಪೈಥಾನ್‌ಗೆ ಬೇರೆ ಬೇರೆ. ಹೋಲಿಸಿದರೆ ಸಮ ಅನ್ನುವುದಿಲ್ಲ. ವೇರಿಯೇಬಲ್‌ಗೆ ಕನ್ನಡದಲ್ಲಿ ಹೆಸರಿಡಲು ಪೈಥಾನ್ 3 ಬಿಡುತ್ತದೆ, ಆದರೆ ಆ ಚಿಹ್ನೆ ಹೆಸರಿನೊಳಗೆ ಬಂದರೆ ಸಿಂಟ್ಯಾಕ್ಸ್ ಎರರ್.

ಇಷ್ಟೆಲ್ಲ ದೂರು ಹೇಳಿ ಐಡಿಇ ಬಿಟ್ಟುಬಿಡಿ ಅನ್ನಲು ಹೊರಟಿಲ್ಲ. ನಾನೇ ಬಿಟ್ಟಿಲ್ಲ. ಕಾರಣ ಡಿಬಗ್ಗರ್, ಅಂದರೆ ಓಡುತ್ತಿರುವ ಕೋಡನ್ನು ಬೇಕಾದಲ್ಲಿ ನಿಲ್ಲಿಸಿ ಒಳಗೆ ನೋಡಲು ಬಿಡುವ ಸಾಧನ. ಪ್ರಿಂಟ್ ಹಾಕುತ್ತಾ ಕೂರುವವರಿಗೆ ಒಂದು ಸಲ ಕಂಡೀಷನ್ ಇರುವ ಬ್ರೇಕ್‌ಪಾಯಿಂಟ್ ತೋರಿಸಿ ನೋಡಿ. ಲಕ್ಷ ಸಾಲಿನ ಲೂಪ್‌ನಲ್ಲಿ ಮೊತ್ತ ಮೈನಸ್ ಆದಾಗ ಮಾತ್ರ ನಿಲ್ಲು ಎಂದರೆ ನಿಲ್ಲುತ್ತದೆ. ಎಕ್ಸೆಪ್ಷನ್ ಎದ್ದ ಜಾಗದಲ್ಲೇ ನಿಲ್ಲು ಎಂದೂ ಹೇಳಬಹುದು. ನಿಂತ ಜಾಗದಿಂದ ಮೇಲಿನ ಫಂಕ್ಷನ್‌ಗಳಿಗೆ ಹತ್ತಿ, ಅಲ್ಲಿ ಏನು ಮೌಲ್ಯ ಇತ್ತು ನೋಡಬಹುದು. ಬೇರೆಯವರು ಬರೆದ ಹಳೆಯ ಕೋಡ್ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಆದರೆ ಡಿಬಗ್ಗರ್ ಕೂಡ ಸುಮ್ನೆ ನೋಡುತ್ತಾ ಕೂರುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ ವೇರಿಯೇಬಲ್ ತೋರಿಸಬೇಕಾದರೆ ಅದು ಆ ಆಬ್ಜೆಕ್ಟ್‌ನ ರೆಪ್ರ್ (ಆಬ್ಜೆಕ್ಟನ್ನು ಪಠ್ಯವಾಗಿ ತೋರಿಸುವ ಫಂಕ್ಷನ್) ಕರೆಯುತ್ತದೆ. ಜಾಂಗೋ ಎಂಬ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನಲ್ಲಿ ಡೇಟಾಬೇಸ್‌ನಿಂದ ಸಾಲುಗಳನ್ನು ತರುವ ಕ್ವೆರಿಸೆಟ್ ಆದರೆ ರೆಪ್ರ್ ಕರೆದ ಕೂಡಲೇ ಡೇಟಾಬೇಸ್‌ಗೆ ಕ್ವೆರಿ ಹೋಗುತ್ತದೆ. ಎಸ್‌ಕ್ಯುಎಲ್ ಲಾಗ್‌ನಲ್ಲಿ ಲಿಮಿಟ್ 21 ಎಂದಿರುವ ಕ್ವೆರಿಗಳು ಕಂಡು, ಇದನ್ನು ಯಾರು ಬರೆದರು ಎಂದು ಕೋಡ್ ಎಲ್ಲ ಜಾಲಾಡುವವರನ್ನು ನೋಡಿದ್ದೇನೆ. ಯಾರೂ ಬರೆದಿರುವುದಿಲ್ಲ. ತೋರಿಸಲು 20, ಇನ್ನೂ ಇದೆಯಾ ತಿಳಿಯಲು ಒಂದು, ಹೀಗೆ 21. ಮೌಲ್ಯಗಳನ್ನು ಒಂದೊಂದಾಗಿ, ಒಂದೇ ಸಲ ಕೊಡುವ ಜನರೇಟರ್ ಇನ್ನೂ ಮೋಸ: ಒಳಗೇನಿದೆ ನೋಡೋಣ ಎಂದು ಇವ್ಯಾಲ್ಯುಯೇಟ್ ಕಿಟಕಿಯಲ್ಲಿ ಅದನ್ನು ಲಿಸ್ಟ್ ಮಾಡಿದರೆ ಅಲ್ಲೇ ಖಾಲಿಯಾಗುತ್ತದೆ, ಮುಂದಿನ ಕೋಡ್‌ಗೆ ಏನೂ ಉಳಿಯುವುದಿಲ್ಲ. ವೇರಿಯೇಬಲ್‌ಗಳನ್ನು ಕೇಳಿದಾಗ ಮಾತ್ರ ತೋರಿಸುವ ಆನ್ ಡಿಮಾಂಡ್ ಆಯ್ಕೆ ಪೈಚಾರ್ಮ್‌ನಲ್ಲಿದೆ. ಜಾಂಗೋ ಕೆಲಸ ಮಾಡುವವರು ಅದನ್ನು ಹಾಕಿಕೊಳ್ಳುವುದು ಒಳ್ಳೆಯದು.

ನಿಧಾನ ಎಂಬ ದೂರು ಬಗ್ಗೆ ಹೆಚ್ಚು ಹೇಳುವುದಿಲ್ಲ. 8 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್, ಮೀಟಿಂಗ್, ಪೈಚಾರ್ಮ್ ಮೂರೂ ಕೂತರೆ ಫ್ಯಾನ್ ಕೂಗುವುದು ಸಹಜ. ಡೇಟಾ ಫೋಲ್ಡರ್‌ಗಳನ್ನು ಎಕ್ಸ್‌ಕ್ಲೂಡ್ ಮಾಡಿದರೆ ಇಂಡೆಕ್ಸಿಂಗ್ (ಹುಡುಕಲು ಅನುಕೂಲವಾಗುವಂತೆ ಫೈಲ್‌ಗಳನ್ನು ಓದಿಡುವ ಕೆಲಸ) ಹೊರೆ ಇಳಿಯುತ್ತದೆ.

"ಹಾಗಾದ್ರೆ ವಿಎಸ್ ಕೋಡ್‌ಗೆ ಹೋಗ್ಲಾ ಮೇಡಂ?" ಅಂತ ಕೇಳುತ್ತಾರೆ. ಹೋಗಿ, ಬೇಡ ಅನ್ನಲ್ಲ. ಅದೂ ಉಪಕಾರ ಮಾಡುತ್ತದೆ, ಬೇರೆ ಥರದ್ದು. ಪ್ರಾಜೆಕ್ಟ್‌ನಲ್ಲಿ ವೇರಿಯೇಬಲ್‌ಗಳನ್ನು ಬರೆದಿಡುವ ಡಾಟ್ ಎನ್ವ್ ಫೈಲ್ ಇದ್ದರೆ ಡಿಬಗ್ ಮಾಡುವಾಗ ಅದನ್ನು ತಾನೇ ಓದಿಕೊಳ್ಳುತ್ತದೆ. ಸರ್ವರ್ ಓದಿಕೊಳ್ಳುವುದಿಲ್ಲ. ಪೈಚಾರ್ಮ್‌ನಲ್ಲಿ ರನ್ ಕಾನ್ಫಿಗರೇಷನ್‌ಗೆ ತುಂಬಿದ ವೇರಿಯೇಬಲ್‌ಗಳು ಸಾಮಾನ್ಯವಾಗಿ ವರ್ಕ್‌ಸ್ಪೇಸ್ ಫೈಲ್‌ನಲ್ಲಿ ಉಳಿಯುತ್ತವೆ. ಆ ಫೈಲ್ ತಂಡ ಕೋಡ್ ಹಂಚಿಕೊಳ್ಳುವ ಗಿಟ್‌ಗೆ ಸಾಮಾನ್ಯವಾಗಿ ಹೋಗುವುದಿಲ್ಲ, ಹೋಗಲೂಬಾರದು. ಹೊಸಬರು ಕ್ಲೋನ್ ಮಾಡಿದ ದಿನವೇ ಕೀ ಎರರ್ ಬರುವುದು ಅದಕ್ಕೇ. ಕಾನ್ಫಿಗರೇಷನ್ ಕಿಟಕಿಯಲ್ಲಿ ಪ್ರಾಜೆಕ್ಟ್ ಫೈಲ್ ಆಗಿ ಉಳಿಸು ಎಂಬ ಆಯ್ಕೆ ಇದೆ, ಅದನ್ನು ಟಿಕ್ ಮಾಡಿದರೆ ತಂಡಕ್ಕೆಲ್ಲ ಒಂದೇ ಕಾನ್ಫಿಗರೇಷನ್ ಸಿಗುತ್ತದೆ. ವಿಎಸ್ ಕೋಡ್‌ನಲ್ಲಿ ಆ ಕೆಲಸಕ್ಕೆ ಲಾಂಚ್.ಜೇಸನ್ ಇದೆ. ಎರಡನ್ನೂ ಧೈರ್ಯವಾಗಿ ಗಿಟ್‌ಗೆ ಸೇರಿಸಿ, ಆದರೆ ಪುಶ್ ಮಾಡುವ ಮುಂಚೆ ಒಳಗೆ ಡೇಟಾಬೇಸ್ ಪಾಸ್‌ವರ್ಡ್ ಏನಾದರೂ ಕೂತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.