ಬೆಲೆ ಹೇಳದ ಪೇಜಿಗೆ ಗಿರಾಕಿ ಯಾಕೆ ಬರಬೇಕು?

ಸಣ್ಣ ವ್ಯಾಪಾರಿಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೇಜ್‌ಗಳನ್ನು ಸರಿಪಡಿಸಿಕೊಡುವುದು ನನ್ನ ಕಸುಬು. ಇಳಕಲ್ ಸೀರೆ ಮಾರುವವರ ಪೇಜ್‌ಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದು: ಸೀರೆಯ ಫೋಟೊ, ಕೆಳಗೆ ಸಾಲುಸಾಲು 'ಪ್ರೈಸ್ ಪ್ಲೀಸ್', ಅಷ್ಟಕ್ಕೂ 'ಇನ್‌ಬಾಕ್ಸ್‌ಗೆ ಬನ್ನಿ' ಎಂಬ ಒಂದೇ ಉತ್ತರ. ಬೆಲೆ ಹಾಕಿದರೆ ಪಕ್ಕದ ಅಂಗಡಿಯವನು ಐವತ್ತು ರೂಪಾಯಿ ಇಳಿಸಿಬಿಡುತ್ತಾನೆ ಎಂಬ ಹೆದರಿಕೆ. ಅಲ್ರೀ, ಅವನಿಗೆ ನಿಮ್ಮ ಬೆಲೆ ಗೊತ್ತೇ ಇರುತ್ತದೆ. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ.

ಬೆಲೆಯ ಜೊತೆಗೇ ಆ ಬೆಲೆ ಯಾಕೆ ಎಂಬುದನ್ನೂ ಬರೆಯಿರಿ. ಕೈಮಗ್ಗದ್ದೋ ಪವರ್‌ಲೂಮಿನದೋ, ಹತ್ತಿಯೋ ರೇಷ್ಮೆಯೋ, ಖಣ (ಕುಪ್ಪಸದ ಬಟ್ಟೆ) ಸೇರಿದೆಯೋ ಬೇರೆಯೋ, ಕೊರಿಯರ್ ಖರ್ಚು ಯಾರದು. ಇಷ್ಟಿದ್ದರೆ ಅರ್ಧ ಪ್ರಶ್ನೆಗಳು ಬರುವುದೇ ಇಲ್ಲ.

ಫೋಟೊ ಟ್ಯೂಬ್‌ಲೈಟಿನ ಕೆಳಗೆ ಬೇಡ, ಕೆಂಪಿನ ಬಣ್ಣವೇ ಬದಲಾಗುತ್ತದೆ. ಹಗಲು ಬೆಳಕಿನಲ್ಲಿ ತೆಗೆಯಿರಿ: ದಡಿಯದೊಂದು, ಸೆರಗಿನ ಟೋಪಿ ತೆನಿ ವಿನ್ಯಾಸದ್ದೊಂದು. ಕೈಮಗ್ಗದ ಸೀರೆಯಾದರೆ ಒಡಲಿನ ಹಾಸೆಳೆಗೆ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆ) ಸೆರಗಿನ ಹಾಸೆಳೆಯನ್ನು ಕೊಂಡಿ ಹಾಕಿ ಜೋಡಿಸುವ ಬೆರಳುಗಳ ವಿಡಿಯೊ ಅರ್ಧ ನಿಮಿಷ ಸಾಕು. 'ಇಷ್ಟು ದುಬಾರಿನಾ?' ಎನ್ನುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಗಣೇಶ ಚತುರ್ಥಿ ಶುಭಾಶಯದ ಪೋಸ್ಟರ್‌ಗಳು ಮಾತ್ರ ಸಾಕಪ್ಪಾ ಸಾಕು. ಅವುಗಳಿಂದ ಒಂದು ಸೀರೆಯೂ ಮಾರಾಟವಾಗುವುದಿಲ್ಲ. ಹಬ್ಬದ ಮಾಲು ತೋರಿಸುವುದಾದರೆ ಮೂರು ವಾರ ಮೊದಲೇ ತೋರಿಸಿ. ನಾಗರ ಪಂಚಮಿಗೆ ಮಗಳಿಗೆ ಉಡಿಸುವ ಸೀರೆ ಪಂಚಮಿ ಕಳೆದ ಮೇಲೆ ತಲುಪಿದರೆ ಏನು ಬಂತು?

ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲೂ ದೊಡ್ಡ ಬೇಡಿಕೆಯಿದೆ. ಕನ್ನಡದ ಜೊತೆ ಮರಾಠಿಯಲ್ಲೂ ಎರಡು ಸಾಲು ಬರೆಯಿರಿ.

ಫಾಲೋವರ್ಸ್ ಲೆಕ್ಕಕ್ಕೆ ಮರುಳಾಗಬೇಡಿ. 2018ರಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಸ್ನೇಹಿತರು, ಕುಟುಂಬದವರ ಪೋಸ್ಟ್‌ಗಳಿಗೆ ಆದ್ಯತೆ ಕೊಟ್ಟು ಪೇಜ್‌ಗಳನ್ನು ಹಿಂದಕ್ಕೆ ತಳ್ಳಿತು. ಫಾಲೋ ಮಾಡಿದವರೆಲ್ಲರಿಗೂ ನಿಮ್ಮ ಪೋಸ್ಟ್ ಕಾಣುವುದಿಲ್ಲ. ದುಡ್ಡು ಕೊಟ್ಟು ಲೈಕ್ ಕೊಂಡರಂತೂ ಸೀರೆ ಉಡದವರೇ ತುಂಬಿಕೊಳ್ಳುತ್ತಾರೆ. ಜಾಹೀರಾತು ಕೊಡಲೇಬೇಕಿದ್ದರೆ, ಚೆನ್ನಾಗಿ ಓಡಿದ ಹಳೆಯ ಪೋಸ್ಟನ್ನೇ ಆರಿಸಿ, ಸೀರೆ ಹೋಗುವ ನಾಲ್ಕೈದು ಊರುಗಳಿಗಷ್ಟೇ ಬೂಸ್ಟ್ ಮಾಡಿ. ಗುರಿ ಲೈಕ್ ಅಲ್ಲ, ಮೆಸೇಜ್ ಎಂದಿರಲಿ. ಜಾಹೀರಾತಿನ ಮೇಲಿನ ಶೇ 18ರ ಜಿಎಸ್‌ಟಿಯನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.

ಪೇಜ್ ಯಾರ ಹೆಸರಿನಲ್ಲಿದೆ ಎಂದು ಇವತ್ತೇ ನೋಡಿ. ಪೇಜ್ ತೆರೆದುಕೊಟ್ಟ ಹುಡುಗ ಬೇರೆ ಊರಿಗೆ ಕೆಲಸಕ್ಕೆ ಹೋದ, ಪಾಸ್‌ವರ್ಡ್ ಅವನ ಜೊತೆಯೇ ಹೋಯಿತು ಎನ್ನುವ ಗೋಳು ಕೇಳಿ ಕೇಳಿ ಸಾಕಾಗಿದೆ. ಮನೆಯವರಿಬ್ಬರು ಅಡ್ಮಿನ್ ಆಗಿರಲಿ, ಟೂ ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಇರಲಿ. 'ನಿಮ್ಮ ಪೇಜ್ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ' ಎಂದು ಯಾರಾದರೂ ಮೆಸೇಜ್ ಕಳಿಸಿದರೆ ಒತ್ತಬೇಡಿ.

ಇನ್ನು, ಒಮ್ಮೆ ಕೊಂಡವರನ್ನು ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ ಕರೆದುಕೊಳ್ಳಿ. ಕ್ಯಾಟಲಾಗ್‌ನಲ್ಲಿ ಬೆಲೆಸಮೇತ ಮಾಲು ಜೋಡಿಸಿಡಿ. ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜ್ ಒಟ್ಟಿಗೆ ಹಲವರಿಗೆ ಕಳಿಸುವ ಪಟ್ಟಿ) ಒಂದಕ್ಕೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಪಾರ್ಸೆಲ್ ಒಳಗೊಂದು ಚೀಟಿ ಇಟ್ಟು 'ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಸೀರೆ ಬಂದಾಗ ಫೋಟೊ ಕಳಿಸುತ್ತೇವೆ' ಎಂದು ಬರೆದುಬಿಡಿ.